ಎಕ್ಕ ಹುಟ್ಟಿದ ನೆಲ: ಲಕ್ಷ್ಮೀಪುರಂ ಪರಿಸರದ ಒಂದು ಕಾಡುಹೂ ಮತ್ತು ಅದನ್ನು ಆಶ್ರಯಿಸಿದ ಕೀಟಗಳು

ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ‘ಎಕ್ಕ ಹುಟ್ಟಿಹೋಗಲಿ’ ಎಂಬ ಬೈಗುಳವುಂಟು. ಮಾತಿನ ಓಟದಲ್ಲಿ ಅದು ‘ಎಕ್ಕುಟ್ಟೋಗ್ಲಿ’ ಎಂದು ಸವೆದಿದೆ. ಜನವಿಲ್ಲದೆ ಹಾಳುಬಿದ್ದ ಅಂಗಳದಲ್ಲಿ ತಾನಾಗಿ ತಲೆಯೆತ್ತುವ ಗಿಡಗಳಲ್ಲಿ ಎಕ್ಕವೂ ಒಂದು. ಆದ್ದರಿಂದ ಮನೆಯಲ್ಲಿ ಎಕ್ಕ ಹುಟ್ಟುವುದೆಂದರೆ ಮನೆ ಹಾಳಾಗುವುದು ಎಂಬ ಅರ್ಥ ಈ ಮಾತಿಗೆ ಬಂದಿದೆ. ಇದೇ ಸೀಮೆಯಲ್ಲಿ ಮಾಘ ಶುದ್ಧ ಸಪ್ತಮಿಯ, ಎಂದರೆ ರಥಸಪ್ತಮಿಯ, ಬೆಳಗ್ಗೆ ಏಳು ಎಕ್ಕದ ಎಲೆಗಳನ್ನು ತಲೆ, ಭುಜ ಮೊದಲಾದ ಕಡೆ ಇರಿಸಿಕೊಂಡು ಸ್ನಾನ ಮಾಡುವ ಪದ್ಧತಿಯಿದೆ. ನವಗ್ರಹ ಹೋಮದಲ್ಲಿ ಸೂರ್ಯನಿಗೆ ಎಕ್ಕದ ಸಮಿತ್ತೇ ವಿಹಿತ. ಬಿಳಿ ಎಕ್ಕದ ಬೇರಿನಲ್ಲಿ ಗಣಪತಿಯ ಮೂರ್ತಿಯನ್ನು ಕಡೆಯುವುದುಂಟು. ಹೀಗೆ ಒಂದೇ ಗಿಡ ಪೂಜೆಯ ದಿನ ಬೇಕಾದದ್ದಾಗಿಯೂ ಉಳಿದ ದಿನಗಳಲ್ಲಿ ಬೇಡವಾದದ್ದಾಗಿಯೂ ಬಳಕೆಯಲ್ಲಿದೆ.

ಈ ಎರಡು ಭಾವನೆಗಳೂ ಮನುಷ್ಯನ ಕಡೆಯಿಂದ ಹುಟ್ಟಿದವು. ಕೀಟಗಳ ಕಡೆಯಿಂದ ನೋಡಿದಾಗ ಎಕ್ಕದ ಸ್ಥಾನ ಬೇರೆಯೇ ಆಗಿ ಕಾಣುತ್ತದೆ. ಬಹುಪಾಲು ಜೀವಿಗಳು ಮುಟ್ಟಲಾರದ ಈ ಗಿಡವನ್ನೇ ಆಹಾರವಾಗಿ, ಮನೆಯಾಗಿ, ಆಯುಧವಾಗಿ ಬಳಸಿಕೊಂಡ ಕೀಟಗಳ ಒಂದು ಸಣ್ಣ ಸಮುದಾಯವಿದೆ. ಈ ಸಮುದಾಯದ ಸ್ವರೂಪವೇನು, ಯಾವ ಕೀಟ ಎಕ್ಕವನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ, ಎಕ್ಕ ಯಾವುದನ್ನು ಅವಲಂಬಿಸಿದೆ, ಮೈಸೂರಿನ ಲಕ್ಷ್ಮೀಪುರದಂತಹ ಹಳೆಯ ಬಡಾವಣೆಯಲ್ಲಿ ಈ ಸಂಬಂಧಗಳು ಉಳಿಯಲು ಏನು ಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸಸ್ಯ ಮತ್ತು ಅದರ ನೆಲೆ

ಎಕ್ಕಕ್ಕೆ ಸಂಸ್ಕೃತದಲ್ಲಿ ಅರ್ಕವೆಂದು ಹೆಸರು. ಸೂರ್ಯನಿಗೂ ಅದೇ ಹೆಸರು. ಸಸ್ಯವಿಜ್ಞಾನದಲ್ಲಿ ಇದು ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯ. ಲಿನೇಯಸ್ 1753ರಲ್ಲಿ ಇದನ್ನು ಅಸ್ಕ್ಲೀಪಿಯಸ್ ಎಂಬ ಜಾತಿಯಲ್ಲಿ ಸೇರಿಸಿದ್ದನು. ಮುಂದೆ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಕ್ಯಾಲೊಟ್ರೊಪಿಸ್ ಎಂಬ ಪ್ರತ್ಯೇಕ ಜಾತಿಯನ್ನು ಕಲ್ಪಿಸಿದನು. ಬಹುಕಾಲ ಅಸ್ಕ್ಲೀಪಿಯಡೇಸಿ ಎಂಬ ಸ್ವತಂತ್ರ ಕುಟುಂಬದಲ್ಲಿದ್ದ ಈ ಗಿಡವನ್ನು ಇಂದಿನ ವರ್ಗೀಕರಣ ಕಣಗಿಲೆಯ ಕುಟುಂಬವಾದ ಅಪೋಸೈನೇಸಿಯಲ್ಲಿ ಒಂದು ಉಪಕುಟುಂಬವಾಗಿ ಸೇರಿಸುತ್ತದೆ. ಇದರ ಹತ್ತಿರದ ಸಂಬಂಧಿಯಾದ ಕ್ಯಾಲೊಟ್ರೊಪಿಸ್ ಪ್ರೊಸೆರದ ಹೂ ಚಿಕ್ಕದು. ಅದರ ದಳಗಳು ನೆಟ್ಟಗೆ ನಿಂತು ತುದಿಯಲ್ಲಿ ನೇರಳೆ ಬಣ್ಣ ತಳೆದಿರುತ್ತವೆ. ಜೈಗ್ಯಾಂಟಿಯದ ದಳಗಳು ಅಗಲವಾಗಿ ಬಿಚ್ಚಿಕೊಂಡು ಹಿಂದಕ್ಕೆ ಬಾಗಿರುತ್ತವೆ. ಬಣ್ಣ ತಿಳಿನೇರಳೆ ಅಥವಾ ಬಿಳುಪು.

ಎದುರುಬದುರಾಗಿ ಹುಟ್ಟುವ, ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದಾದ ದಪ್ಪ ಎಲೆಗಳು, ಎಲೆ ಮತ್ತು ಕಾಂಡಗಳ ಮೇಲೆ ಬೂದಿ ಸವರಿದಂತಹ ಬಿಳಿಯ ನವಿರು, ಎಲ್ಲಿ ಮುರಿದರೂ ಒಸರುವ ಹಾಲು, ಜೋಡಿಯಾಗಿ ಬಿಡುವ ಉಬ್ಬಿದ ಕಾಯಿ, ಕಾಯಿ ಬಿರಿದಾಗ ರೇಷ್ಮೆಯಂತಹ ಅರಳೆಯೊಡನೆ ಗಾಳಿಯಲ್ಲಿ ತೇಲುವ ಬೀಜ, ಇವು ಎಕ್ಕದ ಲಕ್ಷಣಗಳು. ಆಳವಾಗಿ ಇಳಿಯುವ ಬೇರಿನಿಂದಾಗಿ ಇದು ಬೇಸಗೆಯಲ್ಲಿಯೂ ಹಸುರಾಗಿರುತ್ತದೆ. ವರ್ಷದ ಬಹುಭಾಗ ಹೂ ಬಿಡುತ್ತದೆ.

ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಸಾಧಾರಣ ಮಳೆಯ ಬಯಲಿನಲ್ಲಿದೆ. ಬಿಸಿಲು ಬೀಳುವ, ಕೆದಕಿದ ಅಥವಾ ಕಲ್ಲುಮಿಶ್ರಿತ ನೆಲ ಎಕ್ಕಕ್ಕೆ ಹಿತ. ನಗರದ ಹಳೆಯ ಬಡಾವಣೆಗಳಲ್ಲಿ ಒಂದಾದ ಲಕ್ಷ್ಮೀಪುರದಲ್ಲಿ ಅಂತಹ ನೆಲ ದೊಡ್ಡ ತುಣುಕುಗಳಾಗಿ ಉಳಿದಿಲ್ಲ. ಕಟ್ಟದೆ ಬಿಟ್ಟ ನಿವೇಶನ, ಮನೆಗಳ ಹಿಂಬದಿಯ ಓಣಿ, ಕಾಂಪೌಂಡಿನ ಬುಡ, ಚರಂಡಿಯ ಅಂಚು, ಸಮೀಪದ ಚಾಮರಾಜಪುರಂ ನಿಲ್ದಾಣವನ್ನು ಹಾದು ಚಾಮರಾಜನಗರದತ್ತ ಸಾಗುವ ರೈಲು ಹಳಿಯ ಬದಿ, ಇಂತಹ ಸಣ್ಣ ಸಣ್ಣ ಎಡೆಗಳೇ ಹಳೆಯ ಬಡಾವಣೆಯಲ್ಲಿ ಎಕ್ಕಕ್ಕೆ ಸಿಕ್ಕುವ ಆಶ್ರಯ. ಆಗ್ನೇಯ ದಿಕ್ಕಿನ ಚಾಮುಂಡಿಬೆಟ್ಟದ ಕುರುಚಲು ಕಾಡು ಮತ್ತು ನಗರದ ಹೊರವಲಯದ ಬೀಳುನೆಲ ಇದರ ವಿಸ್ತಾರವಾದ ನೆಲೆಗಳು. ಬಡಾವಣೆಯೊಳಗಿನ ಬಿಡಿ ಗಿಡಗಳು ಈ ವಿಸ್ತಾರದ ಚದುರಿದ ಬಿಂದುಗಳು.

ಹೂವಿನ ಬೀಗ ಮತ್ತು ದುಂಬಿ

ಎಕ್ಕದ ಹೂವಿನ ನಡುವೆ ಕಿರೀಟದಂತೆ ಎದ್ದು ನಿಂತಿರುವ ಭಾಗ ಅದರ ಅತ್ಯಂತ ವಿಶಿಷ್ಟ ಅಂಗ. ಸಾಮಾನ್ಯ ಹೂಗಳಲ್ಲಿ ಬಿಡಿಬಿಡಿಯಾಗಿರುವ ಕೇಸರಗಳು ಇಲ್ಲಿ ಶಲಾಕಾಗ್ರದೊಡನೆ ಕೂಡಿಕೊಂಡು ಒಂದೇ ಸ್ತಂಭವಾಗಿವೆ. ಪರಾಗವೂ ಪುಡಿಯಾಗಿರದೆ ಮೇಣದಂತಹ ಚಪ್ಪಟೆ ಪಿಂಡಗಳಾಗಿದೆ. ಎರಡೆರಡು ಪರಾಗಪಿಂಡಗಳು ತೆಳುವಾದ ತೋಳುಗಳ ಮೂಲಕ ಒಂದು ಪುಟ್ಟ ಕಪ್ಪು ಕೊಂಡಿಗೆ ತೂಗಿಕೊಂಡಿರುತ್ತವೆ. ಇಂತಹ ಐದು ಜೋಡಿಗಳು ಒಂದು ಹೂವಿನಲ್ಲಿರುತ್ತವೆ. ಕೊಂಡಿಯ ಕೆಳಗೆ, ಎರಡು ಗಟ್ಟಿ ಅಂಚುಗಳ ನಡುವೆ, ಕಿರಿದಾದ ಸೀಳು ಇದೆ.

ಮಕರಂದಕ್ಕಾಗಿ ಹೂವಿನ ಮೇಲೆ ಕುಳಿತ ಕೀಟದ ಕಾಲು ಅಥವಾ ಬಾಯಿಯ ಭಾಗ ಈ ಸೀಳಿನೊಳಗೆ ಜಾರುತ್ತದೆ. ಅದನ್ನು ಮೇಲಕ್ಕೆ ಎಳೆದುಕೊಳ್ಳುವಾಗ ಕೊಂಡಿಯು ರೋಮಕ್ಕೋ ಉಗುರಿಗೋ ಕಚ್ಚಿಕೊಂಡು, ಪಿಂಡಗಳ ಜೋಡಿ ಹೊರಬರುತ್ತದೆ. ಕೀಟ ಮತ್ತೊಂದು ಹೂವಿಗೆ ಹೋದಾಗ ಅದೇ ಬಗೆಯ ಸೀಳಿನಲ್ಲಿ ಒಂದು ಪಿಂಡ ಸಿಕ್ಕಿಕೊಂಡು ಉಳಿದರೆ ಮಾತ್ರ ಪರಾಗಸ್ಪರ್ಶವಾಗುತ್ತದೆ. ಕೀಟಕ್ಕೆ ಕೊಂಡಿಯನ್ನು ಕಿತ್ತೆಳೆಯುವ ಬಲವಿಲ್ಲದಿದ್ದರೆ ಪಿಂಡ ಹೊರಬರುವುದೇ ಇಲ್ಲ. ಇರುವೆ ಮತ್ತು ಸಣ್ಣ ನೊಣಗಳು ಮಕರಂದ ಹೀರಿದರೂ ಈ ಕೆಲಸ ಅವುಗಳಿಂದ ಆಗದು. ಅಸ್ಕ್ಲೀಪಿಯಸ್ ಬಳಗದ ಹೂಗಳ ಈ ವಿಚಿತ್ರ ವ್ಯವಸ್ಥೆಯನ್ನು ರಾಬರ್ಟ್ ಬ್ರೌನ್ ಆರ್ಕಿಡ್‌ಗಳ ಜೊತೆಯಲ್ಲಿ ಸೂಕ್ಷ್ಮದರ್ಶಕದಿಂದ ಪರಿಶೀಲಿಸಿ 1833ರಲ್ಲಿ ಪ್ರಕಟಿಸಿದನು. ಜೀವಕೋಶದ ನಡುವಣ ಕೇಂದ್ರಕ್ಕೆ ನ್ಯೂಕ್ಲಿಯಸ್ ಎಂಬ ಹೆಸರನ್ನು ಆತ ಬಳಸಿದ್ದು ಇದೇ ಪ್ರಬಂಧದಲ್ಲಿ.

ಎಕ್ಕದ ಹೂವಿಗೆ ಒಪ್ಪುವ ಬಲವೂ ಗಾತ್ರವೂ ಇರುವ ಕೀಟ ಕ್ಸೈಲೋಕೋಪ ಜಾತಿಯ ದೊಡ್ಡ ಕಪ್ಪು ದುಂಬಿ. ಕನ್ನಡ ಕಾವ್ಯದಲ್ಲಿ ತುಂಬಿ, ಭ್ರಮರ ಎಂದು ಬರುವ ಕರಿಯ ಬಣ್ಣದ ಝೇಂಕಾರದ ಕೀಟವನ್ನು ಸಾಮಾನ್ಯವಾಗಿ ಇದರೊಡನೆಯೇ ಗುರುತಿಸಲಾಗುತ್ತದೆ. ಕ್ಸೈಲೋಕೋಪ ಎಂಬ ಗ್ರೀಕ್ ಪದಕ್ಕೆ ಮರ ಕಡಿಯುವುದು ಎಂದರ್ಥ. ಹೆಣ್ಣು ದುಂಬಿ ಒಣಗಿದ ಕೊಂಬೆ, ಬಿದಿರು, ಮನೆಯ ತೊಲೆ ಅಥವಾ ಜಂತೆಯಲ್ಲಿ ತನ್ನ ದವಡೆಯಿಂದ ಸುರಂಗ ಕೊರೆಯುತ್ತದೆ. ಸುರಂಗದಲ್ಲಿ ಪರಾಗ ಮತ್ತು ಮಕರಂದ ಬೆರೆಸಿದ ಮುದ್ದೆಯಿಟ್ಟು, ಅದರ ಮೇಲೆ ಒಂದು ಮೊಟ್ಟೆಯಿಟ್ಟು, ಮರದ ಹೊಟ್ಟಿನಿಂದ ಅಡ್ಡಗೋಡೆ ಕಟ್ಟುತ್ತದೆ. ಹೀಗೆ ಒಂದರ ಮುಂದೊಂದು ಕೋಣೆಗಳು ಸಿದ್ಧವಾಗುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಕ್ಕದ ಪರಾಗ ಪಿಂಡವಾಗಿ ಬಿಗಿದುಕೊಂಡಿರುವುದರಿಂದ ದುಂಬಿ ಅದನ್ನು ಮರಿಗಳ ಆಹಾರಕ್ಕೆ ಬಳಸಲಾರದು. ಅದಕ್ಕೆ ಎಕ್ಕದಿಂದ ದೊರೆಯುವುದು ಮಕರಂದ ಮಾತ್ರ. ಪರಾಗಕ್ಕಾಗಿ ಅದು ತಂಗಡಿ, ಬದನೆಯ ಬಳಗದ ಗಿಡಗಳು ಮೊದಲಾದ ಬೇರೆ ಹೂಗಳಿಗೆ ಹೋಗಬೇಕು. ಆದ್ದರಿಂದ ದುಂಬಿ ಎಕ್ಕವಿಲ್ಲದೆಯೂ ಬದುಕಬಲ್ಲದು. ಬೇರೆ ಹೂಗಳು ವಿರಳವಾಗುವ ಬೇಸಗೆಯಲ್ಲಿ ಮಾತ್ರ ಎಕ್ಕದ ಮಕರಂದ ಅದಕ್ಕೆ ದೊಡ್ಡ ಆಸರೆ. ಎಕ್ಕದ ಸ್ಥಿತಿ ಇದಕ್ಕೆ ವಿರುದ್ಧವಾದದ್ದು. ದುಂಬಿಯಿಲ್ಲದೆ ಅದರಲ್ಲಿ ಕಾಯಿ ಕಟ್ಟುವುದು ಬಲು ಕಷ್ಟ. ಗೊಂಚಲು ಗೊಂಚಲಾಗಿ ಹೂ ಬಿಟ್ಟ ಗಿಡದಲ್ಲಿ ಒಂದೆರಡು ಜೋಡಿ ಕಾಯಿಗಳಷ್ಟೇ ಕಾಣುವುದಕ್ಕೆ ಈ ಕಠಿಣವಾದ ಬೀಗವೂ ಒಂದು ಕಾರಣ.

ಹಾಲಿನ ವಿಷ

ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯಿದ್ದರೂ ದನಕರುಗಳು ಎಕ್ಕವನ್ನು ಸಾಮಾನ್ಯವಾಗಿ ಬಿಟ್ಟು ಮುಂದೆ ಸಾಗುತ್ತವೆ. ಕಾರಣ ಅದರ ಹಾಲು. ಗಾಯವಾದೊಡನೆ ಒಸರುವ ಈ ಸೊನೆ ಅಂಟಾಗಿ ಗಟ್ಟಿಯಾಗುತ್ತದೆ. ಎಲೆ ಕಡಿಯಲು ಬಂದ ಸಣ್ಣ ಕೀಟದ ಬಾಯಿಯನ್ನೇ ಅದು ಮೆತ್ತಿಬಿಡಬಲ್ಲದು. ಮನುಷ್ಯನ ಕಣ್ಣಿಗೆ ಸಿಡಿದರೆ ಕಣ್ಣಿನ ಪಾರದರ್ಶಕ ಪಟಲಕ್ಕೆ ಹಾನಿಯಾಗುತ್ತದೆ.

ಹಾಲಿನಲ್ಲಿ ಕ್ಯಾಲೊಟ್ರೊಪಿನ್, ಯುಶ್ಚಾರಿನ್ ಮೊದಲಾದ ಕಾರ್ಡಿನೊಲೈಡ್‌ಗಳಿವೆ. ಇವು ಹೃದಯದ ಮೇಲೆ ಪರಿಣಾಮ ಮಾಡುವ ವಿಷಗಳು. ಪ್ರಾಣಿಗಳ ಜೀವಕೋಶದ ಪೊರೆಯಲ್ಲಿ ಸೋಡಿಯಂ ಅನ್ನು ಹೊರಕ್ಕೂ ಪೊಟಾಸಿಯಂ ಅನ್ನು ಒಳಕ್ಕೂ ಸಾಗಿಸುವ ಪ್ರೋಟೀನ್ ಪಂಪು ಇದೆ. ನರ ಮತ್ತು ಸ್ನಾಯುಗಳ ಕೆಲಸಕ್ಕೆ ಇದು ಅನಿವಾರ್ಯ. ಕಾರ್ಡಿನೊಲೈಡ್ ಅಣು ಈ ಪಂಪಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ.

ಇಂತಹ ವಿಷವನ್ನು ಉಂಡು ಬದುಕುವ ಕೀಟಗಳಲ್ಲಿ ಆಗಿರುವ ಬದಲಾವಣೆ ಕುತೂಹಲಕರ. ಚಿಟ್ಟೆ, ಜೀರುಂಡೆ, ತಿಗಣೆ ಮತ್ತು ನೊಣಗಳೆಂಬ ದೂರದೂರದ ಗಣಗಳಿಗೆ ಸೇರಿದ, ಕಾರ್ಡಿನೊಲೈಡ್ ಇರುವ ಸಸ್ಯಗಳನ್ನು ತಿನ್ನುವ ಕೀಟಗಳನ್ನು ಹೋಲಿಸಿದ ಅಧ್ಯಯನಗಳು 2012ರಲ್ಲಿ ಪ್ರಕಟವಾದವು. ಪಂಪಿನ ಪ್ರೋಟೀನಿನಲ್ಲಿ ವಿಷ ಅಂಟಿಕೊಳ್ಳುವ ಎಡೆಯಲ್ಲಿ, ಅದರಲ್ಲಿಯೂ 122ನೆಯ ಸ್ಥಾನದಲ್ಲಿ, ಒಂದೇ ಬಗೆಯ ಅಮೈನೋ ಆಮ್ಲದ ಬದಲಾವಣೆ ಈ ಗಣಗಳಲ್ಲಿ ಸ್ವತಂತ್ರವಾಗಿ ಮತ್ತೆ ಮತ್ತೆ ಸಂಭವಿಸಿರುವುದು ಅವುಗಳಿಂದ ತಿಳಿದುಬಂದಿತು. ವಿಷದ ಗೋಡೆಯನ್ನು ದಾಟಲು ದಾರಿಗಳು ಕೆಲವೇ; ಬೇರೆ ಬೇರೆ ಕುಲದ ಕೀಟಗಳು ಅದೇ ದಾರಿಯನ್ನು ಹಿಡಿದಿವೆ. ಹೀಗೆ ದಾಟಿದವುಗಳಿಗೆ ಸ್ಪರ್ಧಿಗಳು ಕಡಿಮೆ, ವೈರಿಗಳೂ ಕಡಿಮೆ. ಆದರೆ ಆ ಗಿಡದ ಮೇಲೆ ಬದುಕಲು ಪಳಗಿದ ಕೀಟಕ್ಕೆ ಬೇರೆ ಬಳಗದ ಗಿಡಗಳಿಗೆ ಮರಳುವುದು ಸುಲಭವಲ್ಲ.

ಎಕ್ಕದ ಚಿಟ್ಟೆ

ಎಕ್ಕದ ಆಶ್ರಿತರಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎಂದು ಕರೆಯಲಾಗುವ ಡನೌಸ್ ಕ್ರಿಸಿಪ್ಪಸ್ ಚಿಟ್ಟೆ. ಕಂದುಮಿಶ್ರಿತ ಕಿತ್ತಳೆ ರೆಕ್ಕೆ, ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪಿನ ಮೇಲೆ ಬಿಳಿಯ ಪಟ್ಟೆ, ಅವಸರವಿಲ್ಲದ ಹಾರಾಟ, ಇವು ಅದರ ಗುರುತು. ಹೆಣ್ಣು ಎಲೆಯ ಅಡಿಯಲ್ಲಿ ಒಂದೊಂದೇ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಬೆಳೆದ ಹುಳುವಿನ ಮೈಮೇಲೆ ಕಪ್ಪು, ಬಿಳಿ, ಹಳದಿಯ ಅಡ್ಡಪಟ್ಟೆಗಳೂ ಮೂರು ಜೋಡಿ ಕಪ್ಪು ಎಳೆಗಳೂ ಇರುತ್ತವೆ. ವಿಷವನ್ನು ತಾಳಿಕೊಂಡರೂ ಅಂಟು ಹಾಲಿನ ಅಪಾಯ ಅದಕ್ಕೆ ತಪ್ಪಿದ್ದಲ್ಲ. ಆದ್ದರಿಂದ ಎಲೆಯ ನರಗಳನ್ನು ಮೊದಲು ಕಡಿದು ಹಾಲು ಹರಿಯುವುದನ್ನು ತಗ್ಗಿಸಿ, ಅನಂತರ ಆಚೆಯ ಭಾಗವನ್ನು ಮೇಯುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ಪಯಣ ಮೂರು ನಾಲ್ಕು ವಾರಗಳಲ್ಲಿ ಮುಗಿಯುತ್ತದೆ.

ಮರಿಹುಳು ಉಂಡ ಕಾರ್ಡಿನೊಲೈಡ್‌ನ ಒಂದಂಶ ಚಿಟ್ಟೆಯ ಮೈಯಲ್ಲಿ ಉಳಿಯಬಲ್ಲದು. ಅದನ್ನು ಕಚ್ಚಿದ ಹಕ್ಕಿ ಕಹಿಯನ್ನು ನೆನಪಿಟ್ಟುಕೊಂಡು, ಆ ಬಣ್ಣದ ಚಿಟ್ಟೆಗಳನ್ನು ಮುಂದೆ ದೂರವಿಡುತ್ತದೆ. ಆದರೆ ಈ ವಿಷದ ಪ್ರಮಾಣ ಎಲ್ಲ ಚಿಟ್ಟೆಗಳಲ್ಲಿಯೂ ಸಮನಾಗಿರುವುದಿಲ್ಲ. ಕೆಲವುಗಳಲ್ಲಿ ಬಹಳ ಕಡಿಮೆ.

ಚಿಟ್ಟೆಯ ಬದುಕು ಎಕ್ಕವೊಂದರಿಂದಲೇ ಪೂರ್ಣವಾಗದು. ಗಂಡು ಚಿಟ್ಟೆಗಳು ಬಾಡಿದ ಚೇಳುಕೊಂಡಿ ಗಿಡ ಮತ್ತು ಸೆಣಬಿನ ಜಾತಿಯ ಗಿಡಗಳ ಮೇಲೆ ಕುಳಿತು ಅವುಗಳಲ್ಲಿರುವ ಪೈರೊಲಿಜಿಡಿನ್ ಎಂಬ ಕ್ಷಾರಾಭಗಳನ್ನು ಹೀರಿಕೊಳ್ಳುತ್ತವೆ. ಹೆಣ್ಣನ್ನು ಒಲಿಸಿಕೊಳ್ಳಲು ಬೇಕಾದ ಗಂಧದ್ರವ್ಯ ತಯಾರಾಗುವುದು ಈ ಕ್ಷಾರಾಭಗಳಿಂದ. ಮರಿಗೆ ಎಕ್ಕ, ಗಂಡಿಗೆ ಚೇಳುಕೊಂಡಿ, ಹಾರಾಟದ ಶಕ್ತಿಗೆ ಮಕರಂದದ ಯಾವುದಾದರೊಂದು ಹೂ, ಈ ಮೂರೂ ಹಾರಾಟದ ಅಳವಿನಲ್ಲಿ ಸಿಕ್ಕಬೇಕು.

ಮಿಡತೆ, ಹೇನು, ತಿಗಣೆ, ಕಾಯಿನೊಣ

ಎಕ್ಕದ ಮಿಡತೆಯೆಂದು ಪರಿಚಿತವಾದ ಪೀಕಿಲೊಸೆರಸ್ ಪಿಕ್ಟಸ್ ಹಳದಿ ಮೈಯ ಮೇಲೆ ನೀಲಿಹಸುರು ಪಟ್ಟೆಗಳುಳ್ಳ ದಪ್ಪನೆಯ ಮಿಡತೆ. ಇದು ಅಡಗುವುದಿಲ್ಲ, ಅವಸರದಿಂದ ನೆಗೆಯುವುದೂ ಇಲ್ಲ. ಅರೆಬೆಳೆದ ಮರಿಯನ್ನು ಹಿಡಿದರೆ ಅದು ತೆಳುವಾದ ದ್ರವದ ಎಳೆಯನ್ನು ಕೆಲವು ಅಂಗುಲಗಳ ದೂರಕ್ಕೆ ಚಿಮ್ಮಿಸುತ್ತದೆ. ಇದರ ಸಮೀಪಬಂಧುವಾದ, ಪಶ್ಚಿಮ ಏಷ್ಯಾ ಮತ್ತು ಆಫ್ರಿಕದ ಮಿಡತೆಯೊಂದು ಆಹಾರದಿಂದ ಪಡೆದ ಕಾರ್ಡಿನೊಲೈಡ್‌ಗಳನ್ನು ತನ್ನ ರಕ್ಷಣಾದ್ರವದಲ್ಲಿ ಕೂಡಿಡುತ್ತದೆಂಬುದನ್ನು ನೊಬೆಲ್ ಪುರಸ್ಕೃತ ರಸಾಯನವಿಜ್ಞಾನಿ ತಾಡ್ಯೂಸ್ ರೈಕ್‌ಸ್ಟೈನ್, ಕೀಟವಿಜ್ಞಾನಿ ಮಿರಿಯಮ್ ರಾಥ್‌ಚೈಲ್ಡ್ ಮತ್ತು ಅವರ ಸಹವರ್ತಿಗಳು 1967ರಲ್ಲಿ ತೋರಿಸಿಕೊಟ್ಟರು. ಎಕ್ಕದ ಮಿಡತೆ ಮೊಟ್ಟೆಯಿಡುವುದು ಮಣ್ಣಿನಲ್ಲಿ. ಆದ್ದರಿಂದ ಗಿಡದಷ್ಟೇ ಅದರ ಸುತ್ತಲಿನ ಬಯಲು ಮಣ್ಣೂ ಅದಕ್ಕೆ ಬೇಕು.

ಎಳೆಯ ಚಿಗುರು ಮತ್ತು ಹೂಗೊಂಚಲಿನ ತೊಟ್ಟುಗಳ ಮೇಲೆ ಅರಿಸಿನ ಚೆಲ್ಲಿದಂತೆ ಕಾಣುವ ಹಳದಿ ಹೇನುಗಳು ಏಫಿಸ್ ನೀರಿಯೈ. ಇವು ಕಣಗಿಲೆಯ ಮೇಲೂ ಇರುತ್ತವೆ. ಹೆಣ್ಣುಗಳು ಗಂಡಿನ ಸಂಗವಿಲ್ಲದೆಯೇ ಮರಿ ಹಾಕುವುದರಿಂದ ಇವುಗಳ ಸಂಖ್ಯೆ ಬೇಗನೆ ಏರುತ್ತದೆ. ಇವು ವಿಸರ್ಜಿಸುವ ಸಿಹಿದ್ರವಕ್ಕೆ ಇರುವೆಗಳು ಬರುತ್ತವೆ. ಇವುಗಳನ್ನೇ ತಿನ್ನಲು ಗುಲಗಂಜಿ ಹುಳುಗಳೂ ಹೂನೊಣಗಳ ಮರಿಗಳೂ ಬರುತ್ತವೆ. ತೋಟದ ಬೆಳೆಗಳ ಹೇನುಗಳನ್ನು ಹತೋಟಿಯಲ್ಲಿಡುವ ಗುಲಗಂಜಿ ಹುಳುವಿಗೆ, ಬೆಳೆಯಿಲ್ಲದ ಕಾಲದಲ್ಲಿ ಎಕ್ಕದ ಹೇನು ಆಹಾರವಾಗಬಲ್ಲದು.

ಕೆಂಪು ಕಪ್ಪು ಬಣ್ಣದ ಸ್ಪೈಲೊಸ್ಟೆಥಸ್ ಜಾತಿಯ ತಿಗಣೆಗಳು ಕಾಯಿ ಮತ್ತು ಬೀಜಗಳ ರಸ ಹೀರುತ್ತವೆ. ಕಾಯಿಯ ಒಳಗೆ ಬೆಳೆಯುವ ಇನ್ನೆರಡು ಕೀಟಗಳಿವೆ: ಡೇಕಸ್ ಪರ್ಸಿಕಸ್ ಎಂಬ ಹಣ್ಣುನೊಣ ಮತ್ತು ಪ್ಯಾರಮೆಕಾಪ್ಸ್ ಫ್ಯಾರಿನೋಸಸ್ ಎಂಬ ಸೊಂಡಿಲು ಕೀಟ. ಇವೆರಡರ ಮರಿಗಳೂ ಎಕ್ಕದ ಜಾತಿಯ ಕಾಯಿಗಳಲ್ಲಿ ಬೀಜಗಳನ್ನು ಹಾಳುಗೆಡವುತ್ತ ಬೆಳೆಯುತ್ತವೆ. ಮೇಲುನೋಟಕ್ಕೆ ಇವು ಗಿಡದ ವೈರಿಗಳು. ಆದರೂ ಇವುಗಳ ಬದುಕು ದುಂಬಿಯ ಕೆಲಸವನ್ನೇ ನೆಚ್ಚಿದೆ. ದುಂಬಿ ಬಂದು ಪರಾಗಪಿಂಡವನ್ನು ಸರಿಯಾದ ಸೀಳಿನಲ್ಲಿ ಸೇರಿಸದಿದ್ದರೆ ಕಾಯಿಯಿಲ್ಲ. ಕಾಯಿಯಿಲ್ಲದಿದ್ದರೆ ಈ ನೊಣಕ್ಕೂ ಸೊಂಡಿಲು ಕೀಟಕ್ಕೂ ಮುಂದಿನ ಪೀಳಿಗೆಯಿಲ್ಲ.

ಅವಲಂಬನೆಯ ಮೂರು ಬಗೆ

ಮೇಲಿನ ವಿವರಗಳಿಂದ ಎಕ್ಕದ ಸುತ್ತಲಿನ ಅವಲಂಬನೆ ಒಂದೇ ಬಗೆಯದಲ್ಲವೆಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದು, ಬದಲಿಯಿಲ್ಲದ ಅಥವಾ ತೀರ ಕಡಿಮೆ ಬದಲಿಯಿರುವ ಅವಲಂಬನೆ. ಕಾಯಿನೊಣ ಮತ್ತು ಸೊಂಡಿಲು ಕೀಟ ಈ ಗುಂಪಿನವು. ಎಕ್ಕದ ಬಳಗದ ಇತರ ಕೆಲವು ಬಳ್ಳಿ, ಗಿಡಗಳನ್ನೂ ತಿನ್ನಬಲ್ಲ ಚಿಟ್ಟೆಗೆ ಆಯ್ಕೆ ತುಸು ಹೆಚ್ಚು; ನಗರದಲ್ಲಿ ಆ ಬಳ್ಳಿಗಳು ಎಕ್ಕಕ್ಕಿಂತಲೂ ವಿರಳವಾಗಿರುವ ಕಡೆ ಈ ಆಯ್ಕೆ ಹೆಸರಿಗೆ ಮಾತ್ರ. ಎರಡನೆಯದು, ಋತುಮಾನದ ಅವಲಂಬನೆ. ದುಂಬಿ ಮತ್ತು ಗುಲಗಂಜಿ ಹುಳುಗಳಿಗೆ ಎಕ್ಕ ವರ್ಷದ ಕಷ್ಟದ ತಿಂಗಳುಗಳ ಬುತ್ತಿ.

ಮೂರನೆಯದು, ಗಿಡವನ್ನು ಮುಟ್ಟದೆಯೇ ಅದನ್ನು ನೆಚ್ಚಿರುವ ಬಗೆ. ಹೈಪೊಲಿಮ್ನಾಸ್ ಮಿಸಿಪ್ಪಸ್ ಎಂಬ ಚಿಟ್ಟೆಯ ಗಂಡು ಕಪ್ಪು ರೆಕ್ಕೆಯ ಮೇಲೆ ಬಿಳಿಯ ದುಂಡು ಮಚ್ಚೆಗಳುಳ್ಳದ್ದು. ಅದರ ಹೆಣ್ಣಾದರೋ ಎಕ್ಕದ ಚಿಟ್ಟೆಯ ಪಡಿಯಚ್ಚು. ಇದರ ಮರಿಹುಳು ತಿನ್ನುವುದು ಗೋಣಿಸೊಪ್ಪು ಮೊದಲಾದ ಸಾಧು ಗಿಡಗಳನ್ನು. ಮೈಯಲ್ಲಿ ಎಕ್ಕದ ವಿಷವಿಲ್ಲ. ಹಕ್ಕಿಗಳು ಕಹಿಯಾದ ಚಿಟ್ಟೆಯಿಂದ ಪಾಠ ಕಲಿತಿರುವವರೆಗೆ ಮಾತ್ರ ಈ ವೇಷಕ್ಕೆ ಬೆಲೆ. ಎಕ್ಕವಿಲ್ಲದೆಡೆ ಎಕ್ಕದ ಚಿಟ್ಟೆಯಿಲ್ಲ; ಅದಿಲ್ಲದೆಡೆ ಹಕ್ಕಿಗೆ ಪಾಠವಿಲ್ಲ. ಆಗ ಗೋಣಿಸೊಪ್ಪಿನ ಮೇಲೆ ಬೆಳೆದ ಹೆಣ್ಣಿನ ವೇಷ ರಕ್ಷಣೆಯಾಗಿ ಉಳಿಯದು.

ಬಡಾವಣೆಯ ಸ್ಥಿತಿ

ಸಾಮಾನ್ಯ ಗಿಡವೊಂದರ ಬಗ್ಗೆ ಚಿಂತಿಸಬೇಕಾದ್ದೇನು ಎಂಬ ಪ್ರಶ್ನೆ ಸಹಜ. ಎಕ್ಕ ಅಳಿವಿನ ಅಂಚಿನಲ್ಲಿರುವ ಸಸ್ಯವಲ್ಲ. ಒಂದು ಕಡೆ ಕಿತ್ತರೆ ಅದರ ಅರಳೆಬೀಜ ಮತ್ತೊಂದು ಕಡೆ ಇಳಿಯುತ್ತದೆ. ಆದರೆ ಗಿಡ ಉಳಿಯುವುದೂ ಗಿಡದ ಮೇಲಿನ ಸಮುದಾಯ ಉಳಿಯುವುದೂ ಒಂದೇ ಅಲ್ಲ. ಮಳೆಗಾಲದ ನಂತರ ನಿವೇಶನವೊಂದನ್ನು ಜೆಸಿಬಿಯಿಂದ ಸವರಿದಾಗ ಎಲೆಯ ಅಡಿಯ ಮೊಟ್ಟೆ, ಕಾಯಿಯೊಳಗಿನ ಮರಿ, ಮಣ್ಣಿನಲ್ಲಿರುವ ಮಿಡತೆಯ ಮೊಟ್ಟೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಬುಡದಿಂದ ಎಕ್ಕ ಮರಳಿ ಚಿಗುರಿದರೂ ಹೂ ಬಿಟ್ಟು ಕಾಯಿ ಕಟ್ಟಲು ಕಾಲ ಬೇಕು. ಅಷ್ಟರಲ್ಲಿ ಮತ್ತೊಮ್ಮೆ ಸವರಿದರೆ ಆ ಗಿಡ ಎಲೆಯನ್ನು ಮಾತ್ರ ಕೊಡಬಲ್ಲದು. ಹೂವಿಗೆ ಬರುವ ದುಂಬಿಗೂ ಕಾಯಿಯಲ್ಲಿ ಬೆಳೆಯುವ ಕೀಟಕ್ಕೂ ಅಲ್ಲಿ ಏನೂ ಉಳಿದಿರುವುದಿಲ್ಲ.

ದುಂಬಿಯ ವಿಷಯದಲ್ಲಿ ಹಳೆಯ ಬಡಾವಣೆಗೆ ವಿಶೇಷ ಮಹತ್ವವಿದೆ. ಹೆಂಚಿನ ಮನೆಯ ತೊಲೆ ಜಂತೆಗಳು, ಬಿದಿರ ತಡಿಕೆ, ಹಿತ್ತಲಿನ ಮರಗಳ ಒಣಕೊಂಬೆಗಳು ದುಂಬಿಗೆ ಗೂಡು ಒದಗಿಸುವಂಥವು. ಮನೆಗಳು ಕಾಂಕ್ರೀಟಿಗೆ ತಿರುಗಿ, ಒಣಕೊಂಬೆಗಳನ್ನು ಕೂಡಲೇ ಕಡಿದು ಸಾಗಿಸುವ ಕಡೆ ಹೂವಿದ್ದರೂ ಗೂಡಿಗೆ ಎಡೆಯಿಲ್ಲ. ಗೂಡು ಒಂದು ಬೀದಿಯಲ್ಲಿ, ಎಕ್ಕ ಮತ್ತೊಂದು ಬೀದಿಯಲ್ಲಿದ್ದರೂ ಬಲಶಾಲಿಯಾದ ದುಂಬಿ ಅವುಗಳನ್ನು ಜೋಡಿಸುತ್ತದೆ. ಎರಡರಲ್ಲಿ ಒಂದು ಇಲ್ಲವಾದಾಗ ಜೋಡಣೆ ಕಡಿಯುತ್ತದೆ.

ಮೈಸೂರು ತನ್ನ ಶುಚಿತ್ವಕ್ಕೆ ಹೆಸರಾದ ನಗರ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಅದು ಮೊದಲ ಸ್ಥಾನ ಪಡೆಯಿತು. ಕಸ, ಸೊಳ್ಳೆ, ಹಾವುಗಳ ಭಯದಿಂದ ಖಾಲಿ ನಿವೇಶನಗಳನ್ನು ತೆರವು ಮಾಡಿಸಬೇಕೆಂಬ ನಿವಾಸಿಗಳ ಬೇಡಿಕೆಯಲ್ಲಿ ನ್ಯಾಯವಿದೆ. ಎಕ್ಕದ ಹಾಲು ಮಕ್ಕಳ ಕಣ್ಣಿಗೆ ಅಪಾಯವೆಂಬುದೂ ನಿಜ. ಕಸ ತೆಗೆಯುವುದಕ್ಕೂ ಗಿಡ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಉಳಿಸಿಕೊಂಡರೆ ಈ ಎರಡು ಹಿತಗಳೂ ಎದುರಾಳಿಗಳಾಗಬೇಕಿಲ್ಲ. ನಿವೇಶನದ ಹಿಂದಿನ ಮೂಲೆಯಲ್ಲಿ, ಜನ ಓಡಾಡದ ಕಡೆ ಒಂದೆರಡು ಎಕ್ಕದ ಗಿಡಗಳನ್ನು ಬಿಡುವುದು, ಎಲ್ಲ ಗಿಡಗಳನ್ನೂ ಒಂದೇ ಬಾರಿಗೆ ಸವರದೆ ಸರದಿಯಂತೆ ಕತ್ತರಿಸುವುದು, ಕಳೆನಾಶಕ ಸಿಂಪಡಿಸದಿರುವುದು, ಅಪಾಯವಿಲ್ಲದ ಎಡೆಯಲ್ಲಿ ಒಣಕೊಂಬೆಯನ್ನೋ ಬಿದಿರಿನ ತುಂಡನ್ನೋ ಉಳಿಸುವುದು, ಇವು ವೆಚ್ಚವಿಲ್ಲದ ಕ್ರಮಗಳು. ರಥಸಪ್ತಮಿಯ ಮುನ್ನಾದಿನ ಎಲೆ ಕೊಯ್ಯುವಾಗ ಅಡಿಭಾಗವನ್ನು ಒಮ್ಮೆ ತಿರುಗಿಸಿ ನೋಡಿ, ಮೊಟ್ಟೆ ಅಥವಾ ಹುಳುವಿರುವ ಎಲೆಯನ್ನು ಗಿಡದಲ್ಲೇ ಬಿಡುವುದೂ ಈ ಕ್ರಮಗಳೊಡನೆ ಸೇರುತ್ತದೆ.

ಶಾಲೆ ಕಾಲೇಜುಗಳ ಜೀವವಿಜ್ಞಾನ ವಿದ್ಯಾರ್ಥಿಗಳಿಗೆ ಬಡಾವಣೆಯ ಒಂದೊಂದು ಎಕ್ಕವೂ ಸಿದ್ಧವಾದ ಅಧ್ಯಯನಕ್ಷೇತ್ರ. ಒಂದು ಗಿಡದ ಹೂಗೊಂಚಲುಗಳೆಷ್ಟು, ಅವುಗಳಲ್ಲಿ ಕಾಯಿಯಾದವೆಷ್ಟು, ಯಾವ ತಿಂಗಳಲ್ಲಿ ಯಾವ ಕೀಟ ಬಂದಿತು ಎಂಬುದನ್ನು ವರ್ಷವಿಡೀ ಬರೆದಿಡಲು ಬೇಕಾದ್ದು ಒಂದು ನೋಟ್‌ಪುಸ್ತಕ ಮಾತ್ರ. ಹೂವಿದ್ದೂ ಹಲವು ತಿಂಗಳು ಕಾಯಿ ಕಟ್ಟದ ಗಿಡ ಕಂಡುಬಂದರೆ, ಆ ಬೀದಿಯಲ್ಲಿ ದುಂಬಿಯ ಓಡಾಟ ಹೇಗಿದೆ, ಸಮೀಪದಲ್ಲಿ ಬೇರೆ ಎಕ್ಕದ ಗಿಡವಿದೆಯೇ ಎಂದು ಪರಿಶೀಲಿಸಲು ಅದೇ ಮೊದಲ ಸುಳಿವಾಗುತ್ತದೆ.